ಮೈಸೂರಿಗೆ ಹೋಗಿ ಬರುತ್ತಿದ್ದ ಕಿತ್ತಳೆ ಪೆಟ್ಟಿಗೆ

ನಮ್ಮ ತೋಟದಲ್ಲಿ ಕಾಫಿ ಗಿಡಗಳ ನಡುವೆ ಎಲ್ಲಿ ನಿಂತು ಕೈ ಚಾಚಿದರೂ ಕಿತ್ತಳೆ ಮರವೇ ಸಿಗುತ್ತಿತ್ತು. ಹಾಗಿದ್ದೂ ಕಲೆಯಿಲ್ಲದ, ಹಕ್ಕಿ ಕುಕ್ಕದ, ನೆಲಕ್ಕೆ ಬಿದ್ದು ಒಂದು ಮಗ್ಗುಲು ಮೆತ್ತಗಾಗದ ಹಣ್ಣೊಂದನ್ನು ನಾನು ಮೊದಲ ಬಾರಿ ತಿಂದದ್ದು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ. ಅದೂ ಅಂಗಡಿಯಿಂದ ಕೊಂಡು ತಂದದ್ದು. ಯಾರಿಗೆ ಹೇಳಿದರೂ ನಂಬುವುದಿಲ್ಲ. ಕೊಡಗಿನ ಕಿತ್ತಳೆ ತೋಟದವರ ಮನೆಯ ಹುಡುಗಿ ಅಂದರೆ ಹಣ್ಣಿನ ರಾಶಿಯ ಮೇಲೆ ಹೊರಳಾಡಿ ಬೆಳೆದವಳು ಅಂತ ಜನರ ಎಣಿಕೆ. ಹೊರಳಾಡಿದ್ದೇನೋ ನಿಜ, ಆದರೆ ಅದು ಬೇಡವಾದ ಹಣ್ಣಿನ ರಾಶಿ.

ಇದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಅಪ್ಪ ತೀರಿಕೊಂಡ ಮೇಲೆ ಮನೆಗೂ ತೋಟಕ್ಕೂ ನಮಗೂ ಅವರೇ ಯಜಮಾನರು. ಡಿಸೆಂಬರಿನಲ್ಲಿ ಕಿತ್ತಳೆ ಕೊಯ್ಲು ಶುರುವಾಯಿತೆಂದರೆ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದರು. ಕೈಯಲ್ಲಿ ಬೆತ್ತದ ಒಂದು ಬಳೆ. ಆಳುಗಳು ಒಂಟಿ ಬಿದಿರಿನ ಏಣಿ ಹತ್ತಿ ಕೊಯ್ದು ತಂದ ಪ್ರತಿಯೊಂದು ಹಣ್ಣೂ ಆ ಬಳೆಯ ಮುಂದೆ ಹಾಜರಾಗಬೇಕು. ಬಳೆಯೊಳಗೆ ತೂರಿ ಹೋದರೆ ಸಣ್ಣದು, ಸಂತೆಗೆ. ತೂರದೆ ನಿಂತರೆ ದೊಡ್ಡದು, ಪೆಟ್ಟಿಗೆಗೆ. ತೊಟ್ಟು ಕಿತ್ತು ಬಂದದ್ದು, ಗಾಯವಾದದ್ದು, ಪಿಕಳಾರ ಹಕ್ಕಿ ರುಚಿ ನೋಡಿ ಬಿಟ್ಟದ್ದು ಎಲ್ಲ ಹಿಂದಕ್ಕೆ ಉರುಳುತ್ತಿತ್ತು. ಹಿಂದೆ ಕೂತಿದ್ದವರು ನಾವು. ಹಣ್ಣು ಆರಿಸುವಾಗ ದೊಡ್ಡಪ್ಪನ ಮುಖ ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನ ಮುಖದ ಹಾಗಿರುತ್ತಿತ್ತು.

ಒಮ್ಮೆ ನಾನು ಪೆಟ್ಟಿಗೆಯ ಹಣ್ಣಿಗೆ ಕೈ ಹಾಕಿದೆ.

"ಅದ್ ಹೊರಗಿನವ್ಕೆ," ಅಂದರು ದೊಡ್ಡಪ್ಪ. "ಮನೆಯವ್ಕೆ ಚೆಂದದ್ದ್ ಎಂತಕೆ? ಸಿಪ್ಪೆ ಸುಲಿದ್ರೆ ಒಳಗೆ ಎಲ್ಲ ಒಂದೇ."

ಹಾಗಾದರೆ ಹೊರಗಿನವರೂ ಸುಲಿದೇ ತಿನ್ನುತ್ತಾರಲ್ಲ ಎಂದು ಕೇಳುವಷ್ಟು ಬಾಯಿ ಆಗಲೇ ನನಗಿತ್ತು. ಕೇಳಿದೆ. ತಲೆಯ ಮೇಲೆ ಒಂದು ಮೊಟಕಿದರು, ಅಷ್ಟೇ ಉತ್ತರ.

ಆದರೂ ಸುಳ್ಳು ಹೇಳಬಾರದು. ಆ ಗಾಯದ ಹಣ್ಣುಗಳ ರುಚಿ ಇವತ್ತಿಗೂ ನಾಲಿಗೆಯಲ್ಲಿದೆ. ಹಕ್ಕಿ ಕಚ್ಚಿದ ಹಣ್ಣು ಉಳಿದೆಲ್ಲಕ್ಕಿಂತ ಸಿಹಿ, ಹಕ್ಕಿಗೇನು ತಲೆ ಕೆಟ್ಟಿದೆಯೆ ಹುಳಿಯದನ್ನು ಕಚ್ಚಲು? ಚಳಿಯ ಬೆಳಗ್ಗೆ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಣಕಾಲಿಗೆ ಬೆಂಕಿ, ಬೆನ್ನಿಗೆ ಮಂಜು, ಮಡಿಲ ತುಂಬ ಹಣ್ಣು ಇಟ್ಟುಕೊಂಡು ತಿನ್ನುತ್ತಿದ್ದೆವು. ಸಿಪ್ಪೆಯನ್ನು ಬೆಂಕಿಯ ಕಡೆ ಹಿಂಡಿದರೆ ಚಿಟಿಚಿಟಿ ಎಂದು ಕಿಡಿ ಹಾರುತ್ತಿತ್ತು. ಪಕ್ಕದವರ ಕಣ್ಣಿನ ಕಡೆ ಹಿಂಡಿದರೆ ಬೇರೆ ಥರದ ಕಿಡಿ. ಹಿಂಡಿ ಮುಗಿದ ಸಿಪ್ಪೆಯನ್ನೂ ಅವ್ವ ಎಸೆಯಲು ಬಿಡುತ್ತಿರಲಿಲ್ಲ. ಎಳೆಯದನ್ನು ಹೆಚ್ಚಿ ಹುಣಸೆಹುಳಿ, ಬೆಲ್ಲ, ಖಾರ ಹಾಕಿ ಗೊಜ್ಜು ಮಾಡುತ್ತಿದ್ದಳು, ಉಳಿದದ್ದನ್ನು ಅಟ್ಟದ ಮೇಲೆ ಒಣಗಿಸಿ ಮಳೆಗಾಲದಲ್ಲಿ ಒಲೆ ಹೊತ್ತಿಸುತ್ತಿದ್ದಳು.

ಇನ್ನು ಪೆಟ್ಟಿಗೆಗಳ ಕತೆ. ಮಂಡಿಯವರು ಲಾರಿಯಲ್ಲಿ ಖಾಲಿ ಪೆಟ್ಟಿಗೆ ತಂದು ಇಳಿಸಿ, ತುಂಬಿದ್ದನ್ನು ಹೇರಿಕೊಂಡು ಹೋಗುತ್ತಿದ್ದರು. ಇಳಿದದ್ದಕ್ಕೂ ಹೇರಿದ್ದಕ್ಕೂ ಯಾವ ವರ್ಷವೂ ತಾಳೆಯಾಗುತ್ತಿರಲಿಲ್ಲ. ಹಿಂದೆ ಉಳಿದವೇ ನಮ್ಮ ಮನೆಯ ಪೀಠೋಪಕರಣ. ಅಡುಗೆಮನೆಯ ಕಪಾಟು ಕಿತ್ತಳೆ ಪೆಟ್ಟಿಗೆ, ಕೋಳಿ ಕಾವಿಗೆ ಕೂರುವುದು ಕಿತ್ತಳೆ ಪೆಟ್ಟಿಗೆ, ದೊಡ್ಡಪ್ಪ ಕಾಲು ಚಾಚುವ ಸ್ಟೂಲು ಕಿತ್ತಳೆ ಪೆಟ್ಟಿಗೆ, ಗೋಡೆಯ ಮೇಲೆ ಗಂಟುಮೋರೆ ಹಾಕಿಕೊಂಡಿದ್ದ ಅಜ್ಜನ ಫೋಟೋದ ಹಿಂಬದಿಯ ಹಲಗೆಯೂ ಕಿತ್ತಳೆ ಪೆಟ್ಟಿಗೆಯದೇ. ಒಳಗೆ ಹಾಸುವ ಹುಲ್ಲಿನಲ್ಲಿ ಮಿಕ್ಕಿದ್ದು ಹಸುವಿಗೆ. ಹಣ್ಣಿಗೆ ಸುತ್ತುವ ತೆಳು ಕಾಗದವನ್ನು ಕೈಯಲ್ಲಿ ನೀವಿ, ಹಾಸಿಗೆಯ ಅಡಿ ಇಟ್ಟು ಸುಕ್ಕು ಬಿಡಿಸಿ, ಲಾಂದ್ರದ ಗಾಜು ಒರೆಸಲು ಎತ್ತಿಡುತ್ತಿದ್ದೆವು. ಬಂದವರು ಯಾರಾದರೂ ಬೆಂಚಿನ ಮೇಲೆ ಕೈಯಾಡಿಸಿ ಇದು ಯಾವ ಮರ ಎಂದು ಕೇಳಿದರೆ ದೊಡ್ಡಪ್ಪ ಗಂಭೀರವಾಗಿ "ತೋಟದ್ದೇ" ಅನ್ನುತ್ತಿದ್ದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಅದಕ್ಕೆ ಮೊದಲು ನಮ್ಮ ಸರಕಾರ ಮಡಿಕೇರಿಯಲ್ಲೇ ಇತ್ತು. ದೊಡ್ಡ ಮನುಷ್ಯರನ್ನು ಕಾಣಬೇಕಾದರೆ ಸಂತೆಯ ದಿನ ಒಂದು ಸುತ್ತು ಹಾಕಿದರೆ ಸಾಕಿತ್ತು, ಹಸಿಮೆಣಸಿನ ರಾಶಿಯ ಮುಂದೆ ಸಿಗುತ್ತಿದ್ದರು. ಸೇರಿದ ಮೇಲೆ ಸರಕಾರ ಬಸ್ಸು ಹತ್ತಿ ಘಟ್ಟ ಇಳಿದು ಹೋಯಿತು. ಹಾಗೆ ಹೋದ ಸರಕಾರದ ಒಂದು ತುಂಡು, ಶಾಲೆಗಳ ವಿಚಾರ ನೋಡುವ ದೊಡ್ಡ ಸಾಹೇಬರು, ಒಮ್ಮೆ ಮೈಸೂರಿನಿಂದ ಚೆಟ್ಟಳ್ಳಿ ಕಡೆಗೆ ಟೂರ್ ಬಂದಾಗ ನಮ್ಮ ಮನೆಯ ಮೇಲಿನ ರಸ್ತೆಯಲ್ಲಿ ಅವರ ಜೀಪು ಕೆಟ್ಟು ನಿಂತಿತು. ದೊಡ್ಡಪ್ಪ ಅವರನ್ನು ಮನೆಗೆ ಕರೆದು ಊಟಕ್ಕೆ ಹಾಕಿ, ಪೆಟ್ಟಿಗೆಯ ಹಣ್ಣನ್ನೇ ಸುಲಿದು ಕೊಟ್ಟರು. ಸಾಹೇಬರು ಒಳ್ಳೆಯವರು. ತೊಳೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹೊರಡುವಾಗ "ಏನಾದರೂ ಆಗಬೇಕಾದರೆ ಸಂಕೋಚ ಇಲ್ಲದೆ ಹೇಳಿ" ಎಂದರು.

"ನಮಗೆ ಏನೂ ಬೇಡ ಸಾರ್, ನಿಮ್ಮ ವಿಶ್ವಾಸ ಒಂದು ಇದ್ದರೆ ಸಾಕು" ಎಂದರು ದೊಡ್ಡಪ್ಪ. ಆಮೇಲೆ ತಾನು ಹೀಗೆ ಹೇಳಿದೆ ಎಂಬುದನ್ನು ಸುತ್ತಲಿನ ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಏನೂ ಬೇಡವೆಂದ ಮನೆಗೆ ಆರು ತಿಂಗಳಲ್ಲೇ ಒಂದು ಬೇಕಾಯಿತು. ನನ್ನ ಅಕ್ಕ ಪ್ರೈಮರಿ ಶಾಲೆಯ ಟೀಚರು. ಭಾವ ಪಟಾಲಂನಲ್ಲಿ, ಎಲ್ಲೋ ಉತ್ತರದ ಗಡಿಯಲ್ಲಿ ಇದ್ದರು. ಅಕ್ಕ ಬಾಣಂತನ ಮುಗಿಸಿ ಕೆಲಸಕ್ಕೆ ಹೋಗುವ ಹೊತ್ತಿಗೆ ಅವಳನ್ನು ಕರಿಕೆಗೆ ಹಾಕಿದರು. ಕರಿಕೆ ಅಂದರೆ ಭಾಗಮಂಡಲದಿಂದಾಚೆ ಕಾಡು ಇಳಿದು, ಇನ್ನೇನು ಕೇರಳ ಬಂತು ಅನ್ನುವಲ್ಲಿ ಇರುವ ಊರು. ಮಳೆಗಾಲದಲ್ಲಿ ಮರ ಬಿದ್ದು ದಾರಿ ಮುಚ್ಚಿದರೆ ಆಯಿತು, ಅಲ್ಲಿದ್ದವರು ಅಲ್ಲೇ. ಅಕ್ಕ ಮಗುವನ್ನು ಮೊದಲು ಕರೆದುಕೊಂಡೇ ಹೋಗಿದ್ದಳು. ಮೊದಲ ಮಳೆಗೇ ಮಗುವಿಗೆ ಜ್ವರ ಏರಿ ಇಳಿಯದೆ, ಡಾಕ್ಟರು ಸಿಗದೆ, ಊರವರು ಮಳೆಗೆ ಹೊದೆಯುವ ಎಲೆಯ ಗೊರಬೆಯ ಅಡಿಯಲ್ಲಿ ಮುಚ್ಚಿಕೊಂಡು ಕಾಡಿನಲ್ಲಿ ಹೊತ್ತು ತಂದು ಬದುಕಿಸಿದರು. ಅವ್ವ ಮಗುವನ್ನು ಎದೆಗೆ ಅವುಚಿಕೊಂಡು, ಇದನ್ನು ಇನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದಳು. ಸಂಬಳ ಬಿಡುವ ಹಾಗಿರಲಿಲ್ಲ. ಅಕ್ಕ ಒಬ್ಬಳೇ ವಾಪಸು ಹೋದಳು. ದಸರೆಗೆ, ಕ್ರಿಸ್‌ಮಸ್ಸಿಗೆ, ಬೇಸಗೆಗೆ ಬಂದು ಹೋಗುವ ನೆಂಟಳಾದಳು.

ಮಗಳು ಬೆಳೆದಳು. ಮಾತು ಬಂತು. ಮನೆಯಲ್ಲಿ ನಾನು ಯಾರನ್ನು ಏನೆಂದು ಕರೆಯುತ್ತಿದ್ದೆನೋ ಅದನ್ನೇ ಅವಳೂ ಕಲಿತಳು. ಅಜ್ಜಿಯನ್ನು ಅವ್ವ ಎಂದಳು, ಹೆತ್ತವಳನ್ನು ಅಕ್ಕ ಎಂದಳು. ಮೊದಲ ಸಲ ಹಾಗೆ ಕರೆದಾಗ ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಮುಂದಿನ ರಜೆಯಲ್ಲಿ ಯಾರೂ ನಗಲಿಲ್ಲ. ಎಷ್ಟು ತಿದ್ದಿದರೂ ಅಕ್ಕ ಬಸ್ಸು ಹತ್ತಿದ ಮಾರನೆಯ ದಿನವೇ ಮಗು ಕಲಿತದ್ದನ್ನು ಮರೆಯುತ್ತಿತ್ತು.

ವರ್ಗ ಆಗಬೇಕು, ಮನೆಯ ಹತ್ತಿರದ ಯಾವುದಾದರೂ ಶಾಲೆಗೆ. ಅಕ್ಕನಿಗೆ ಬೇರೆ ಆಸೆಯೇ ಉಳಿದಿರಲಿಲ್ಲ. ಅರ್ಜಿ ಹಾಕುತ್ತೇನೆ ಎಂದಳು. ದೊಡ್ಡಪ್ಪ ಹೌಹಾರಿದರು.

"ಅರ್ಜಿ ಎಂತಕೆ? ಸಾಹೇಬ್ರು ನಮ್ಮ ಮನೆಲಿ ಉಂಡವು. ಈ ಸಲ ಒಂದ್ ಪೆಟ್ಟಿಗೆ ಹಣ್ಣ್ ಹೋಗಲಿ, ಅವ್ಕೆ ಗೊತ್ತಾದೆ."

"ಹಣ್ಣಿನ ಸಂಗಡ ಎರಡ್ ಸಾಲು ಬರೆದ್ರೆ ಎಂತ?" ಎಂದಳು ಅಕ್ಕ.

"ಬರೆದ್ರೆ ಅದ್ ಲಂಚ. ಬರೆಯದೆ ಕೊಟ್ರೆ ಮರ್ಯಾದೆ. ಬಾಯಿಬಿಟ್ಟು ಕೇಳುದು ನಮ್ಮ ಮನೆತನಕ್ಕೆ ಉಟ್ಟಾ?"

ನಮ್ಮ ಮನೆತನಕ್ಕೆ ಏನೇನಿತ್ತು ಎಂದು ಆಗಲೇ ಹೇಳಿದ್ದೇನೆ. ಮಂಡಿಯವರ ಪೆಟ್ಟಿಗೆ ಮುರಿದು ಮಾಡಿದ ಬೆಂಚು ಇತ್ತು. ಅದರ ಮೇಲೆ ಕೂತೇ ಈ ಮಾತು ಹೇಳಿದರು.

ಸಾಹೇಬರಿಗೆಂದು ಬೇರೆಯೇ ಪೆಟ್ಟಿಗೆ ತಯಾರಾಯಿತು. ಹಲಸಿನ ಹಲಗೆ, ಹಿತ್ತಾಳೆಯ ತಿರುಗಣಿ, ಎರಡು ಬದಿಗೂ ಹಗ್ಗದ ಹಿಡಿ. ಹಣ್ಣು ಒಂದೊಂದನ್ನೂ ಕಾಗದ ಸುತ್ತಿ, ತೊಟ್ಟು ಮೇಲೆ ಬರುವ ಹಾಗೆ ದೊಡ್ಡಪ್ಪನೇ ಜೋಡಿಸಿದರು. ನಾವು ಉಸಿರು ಬಿಟ್ಟರೆ ಹಣ್ಣು ಬಾಡೀತೆಂದು ದೂರ ನಿಲ್ಲಿಸಿದ್ದರು. ಬಸ್ಸಿನ ಕಂಡಕ್ಟರ್ ಪರಿಚಯದವನು, ಟಾಪಿನ ಮೇಲೆ ಕಟ್ಟಿಸಿ ಮೈಸೂರಿನಲ್ಲಿ ಸಾಹೇಬರ ಮನೆಗೆ ಮುಟ್ಟಿಸುತ್ತಿದ್ದ. ಬರೀ ಪೆಟ್ಟಿಗೆಯನ್ನು ಸಂಕ್ರಾಂತಿ ಕಳೆದ ಮೇಲೆ ಅವನೇ ವಾಪಸು ತರುತ್ತಿದ್ದ.

ಬರೀ ಪೆಟ್ಟಿಗೆ ಅಂದೆ, ಬರಿದಾಗಿ ಬರುತ್ತಿರಲಿಲ್ಲ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮಲ್ಲಿ ಹೇಗೋ ಮೈಸೂರಿನಲ್ಲೂ ಹಾಗೆ. ಮೊದಲ ವರ್ಷ ಅದರಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಬಂತು. ಅಚ್ಚಿನಲ್ಲಿ ಒಂದು ಗಿಳಿ, ಒಂದು ಆನೆ. ದೊಡ್ಡಪ್ಪ ಆನೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ ತೀರ್ಪು ಕೊಟ್ಟರು: ಸಿಹಿ ಕಳಿಸಿದ್ದಾರೆ, ಕೆಲಸ ಆದಂತೆ. ಅಕ್ಕ ಬೇಸಗೆಯಿಡೀ ಅಂಚೆಯವನ ದಾರಿ ಕಾದು, ಜೂನ್ ಬಂದಾಗ ಛತ್ರಿ ಹಿಡಿದು ಕರಿಕೆಗೆ ಹೋದಳು.

ಎರಡನೆಯ ವರ್ಷ ಪೆಟ್ಟಿಗೆ ತುಂಬ ಅವರೆಕಾಯಿ. ಸೊಗಡಿನದು, ಮನೆಯೆಲ್ಲ ಘಮ. "ಹಸಿರು," ಎಂದರು ದೊಡ್ಡಪ್ಪ. "ಹಸಿರು ಅಂದ್ರೆ ಒಪ್ಪಿಗೆ ಅಂತ." ನಾವು ಒಪ್ಪಿಗೆಯನ್ನು ಸುಲಿದು, ನೆನೆಸಿ ಸಿಪ್ಪೆ ಚಿಲುಕಿಸಿ, ಸಾರು ಮಾಡಿ, ಕಡುಬಿಗೆ ನೆಂಚಿಕೊಂಡು ತಿಂದೆವು. ಚೆನ್ನಾಗಿಯೇ ಇತ್ತು. ಅಕ್ಕ ಮತ್ತೆ ಛತ್ರಿ ಹಿಡಿದು ಹೋದಳು.

ಮೂರನೆಯ ವರ್ಷ ಹೊಸ ಕ್ಯಾಲೆಂಡರು ಬಂತು. ದೊಡ್ಡಪ್ಪನಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ವರ್ಷದೊಳಗೆ ಆಗುತ್ತದೆ ಎಂದು ಅರ್ಥ. ಅದನ್ನು ಅಜ್ಜನ ಫೋಟೋದ ಪಕ್ಕ ತೂಗುಹಾಕಿದರು. ತಿಂಗಳಿಗೊಂದು ಹಾಳೆ ಹರಿಯುವಾಗ ಅವರ ಕೈಯ ಭಕ್ತಿ ನೋಡಬೇಕಿತ್ತು. ಕೊನೆಯ ಹಾಳೆಯೂ ಹರಿಯಿತು, ಅದರಿಂದಲೂ ಲಾಂದ್ರದ ಗಾಜು ಒರೆಸಿದೆವು. ಜಾತಕ ಓದುವ ಜೋಯಿಸರಾದರೂ ಹತ್ತರಲ್ಲಿ ಒಂದು ಸರಿ ಹೇಳುತ್ತಾರೆ. ನಮ್ಮ ದೊಡ್ಡಪ್ಪನಿಗೆ ಆ ಒಂದೂ ದಕ್ಕಲಿಲ್ಲ.

ಆ ಚಳಿಗಾಲವೇ ಅಕ್ಕನ ಸಹನೆ ಮುಗಿಯಿತು. ಕ್ರಿಸ್‌ಮಸ್ ರಜೆಯಲ್ಲಿ ಬಂದಿದ್ದಳು. ಮಗಳು ಬಾಗಿಲ ಹಿಂದೆ ನಿಂತು, "ಅವ್ವಾ, ಅಕ್ಕ ಬಂದುಟ್ಟು" ಎಂದು ಒಳಗೆ ಕೂಗಿ ಹೇಳಿ ಕೋಳಿ ಗೂಡಿನ ಕಡೆ ಓಡಿದ್ದಳು. ಪೆಟ್ಟಿಗೆ ಕಟ್ಟುವ ದಿನ ಅಕ್ಕ, "ಈ ಸಲ ಹಣ್ಣು ನಾನೇ ಒಯ್ತೇನೆ, ಕಂಡಕ್ಟರ್ ಬೇಡ" ಎಂದಳು. ದೊಡ್ಡಪ್ಪ ಬಹಳ ಯೋಚಿಸಿ ಒಪ್ಪಿದರು, ಒಂದು ಷರತ್ತಿನ ಮೇಲೆ: ಕೊಟ್ಟು, ನಮಸ್ಕಾರ ಮಾಡಿ, ಬರುವುದು. ಪೆಟ್ಟಿಗೆಯ ಇನ್ನೊಂದು ಹಗ್ಗ ಹಿಡಿಯಲು ನಾನು ಹೋದೆ.

ಸಾಹೇಬರ ಹೆಂಡತಿ ಬಾಗಿಲು ತೆರೆದು ಪೆಟ್ಟಿಗೆ ನೋಡಿದ್ದೇ ಮುಖ ಅರಳಿಸಿದರು. "ಬನ್ನಿ ಬನ್ನಿ, ಕಿತ್ತಳೆ ಮನೆಯವರು. ನಿಮ್ಮ ಹಣ್ಣು ಬಂದ ಮೇಲೇನೇ ನಮ್ಮ ಮನೇಲಿ ಚಳಿಗಾಲ." ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು. ಅವರೆಕಾಯಿ ಚೆನ್ನಾಗಿತ್ತು ಎಂದು ನಾನು ಹೇಳಿದೆ.

"ಅಯ್ಯೋ ಅದೇನು ಮಹಾ. ಪೆಟ್ಟಿಗೆ ಬರಿದಾಗಿ ಕಳಿಸಬಾರದಲ್ವಾ, ಆ ಹೊತ್ತಿಗೆ ಕೈಗೆ ಏನು ಸಿಗುತ್ತೋ ಅದನ್ನ ಹಾಕಿಬಿಡ್ತೀನಿ. ಹೋದ ವರ್ಷ ಏನೂ ಸಿಗದೆ ಕ್ಯಾಲೆಂಡರು ಇಟ್ಟೆ, ಬೇಜಾರಾಗಲಿಲ್ಲ ತಾನೆ?"

ನಾನು ಅಕ್ಕನ ಮುಖ ನೋಡಿದೆ. ಅವಳು ಕಾಫಿ ಲೋಟದೊಳಗೆ ನೋಡುತ್ತಿದ್ದಳು.

ಸಾಹೇಬರು ಮಫ್ಲರ್ ಸುತ್ತಿಕೊಂಡು ಹೊರಗೆ ಬಂದರು. ದೊಡ್ಡಪ್ಪನ ಕ್ಷೇಮ ಕೇಳಿದರು. "ನೋಡಮ್ಮ, ನನ್ನ ಬಾಗಿಲಿಗೆ ಬರೋರೆಲ್ಲ ಏನಾದರೂ ಕೇಳೋಕೇ ಬರೋದು. ನಿಮ್ಮ ದೊಡ್ಡಪ್ಪನವರೊಬ್ಬರೇ ಇಷ್ಟು ವರ್ಷ ಕೊಟ್ಟು, ಒಂದು ಮಾತು ಕೇಳದೇ ಇರೋರು. ಅಂಥವರು ಈಗ ಎಲ್ಲಿದ್ದಾರೆ?"

ಕಂಡವರೆಲ್ಲರ ಹತ್ತಿರ ಇದನ್ನು ಹೇಳುತ್ತಾರಂತೆ. ಹೊಗಳಿಕೆಯಿಂದ ಬಾಯಿ ಹೊಲಿಯಬಹುದು ಎಂದು ನನಗೆ ಗೊತ್ತಾದದ್ದು ಅವತ್ತು. ಸಾಹೇಬರೇ ಮುಂದುವರಿಸಿದರು. "ನೀವೇನು ಮಾಡ್ಕೊಂಡಿದ್ದೀರಿ?"

"ಟೀಚರು ಸಾರ್. ಕರಿಕೆಯಲ್ಲಿ."

"ಕರಿಕೆ ಟೀಚರು ನೀವೇನಾ?" ಸಾಹೇಬರು ನಿಜಕ್ಕೂ ಸಂತೋಷಪಟ್ಟರು. "ಅಲ್ಲಿಗೆ ಹಾಕಿದೋರೆಲ್ಲ ಮೂರು ತಿಂಗಳಿಗೆ ಅರ್ಜಿ ಹಿಡ್ಕೊಂಡು ಬರ್ತಿದ್ದರು. ನೀವೊಬ್ಬರು ಬರಲಿಲ್ಲ. ಯಾರಪ್ಪ ಈ ಪುಣ್ಯಾತ್ಗಿತ್ತಿ, ಆ ಊರು ಒಗ್ಗಿಹೋಗಿರಬೇಕು ಅಂದ್ಕೊಂಡಿದ್ದೆ. ಹೋದ ಜೂನಿನಲ್ಲಿ ಚೆಟ್ಟಳ್ಳೀಲೇ ಒಂದು ಜಾಗ ಖಾಲಿ ಆಗಿತ್ತು. ಕೊಡಗಿನೋರು ಯಾರೂ ಕೇಳಲಿಲ್ಲ, ಹಾಸನದ ಕಡೆಯೋರನ್ನ ಹಾಕಿದ್ವಿ."

ಚೆಟ್ಟಳ್ಳಿ. ನಮ್ಮ ಗದ್ದೆಯ ಬದುವಿನ ಮೇಲೆ ನಿಂತರೆ ಆ ಶಾಲೆಯ ಗಂಟೆ ಕೇಳಿಸುತ್ತದೆ. ನನಗೆ ಆ ಪೆಟ್ಟಿಗೆಯನ್ನು ಎತ್ತಿ ಒಗೆಯಬೇಕು ಅನ್ನಿಸಿತು. ಯಾರ ಮೇಲೆ ಒಗೆಯುವುದು? ಸಾಹೇಬರ ತಪ್ಪು ಎಳ್ಳಷ್ಟೂ ಇರಲಿಲ್ಲ, ಒಗೆಸಿಕೊಳ್ಳಬೇಕಾದವರು ಜಗಲಿಯಲ್ಲಿ ಬಳೆ ಹಿಡಿದು ಕೂತಿದ್ದರು.

ಅಕ್ಕ ಲೋಟ ಕೆಳಗಿಟ್ಟಳು. "ನನಗೊಬ್ಬಳು ಮಗಳಿದ್ದಾಳೆ ಸಾರ್" ಎಂದಳು.

"ಕರಿಕೇಲೇ ಇದ್ದಾಳಾ?"

"ಇಲ್ಲ ಸಾರ್. ನಮ್ಮ ಮನೆಯಲ್ಲಿ. ನನ್ನನ್ನ ಅಕ್ಕ ಅಂತಾಳೆ."

ಸಾಹೇಬರು ಹೆಂಡತಿಯ ಕಡೆ ತಿರುಗಿದರು. ಅವರ ಹೆಂಡತಿ ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ಅಕ್ಕನ ಮುಂದಿಟ್ಟರು. ಅಕ್ಕ ಅಲ್ಲೇ ಕೂತು ಅರ್ಜಿ ಬರೆದಳು. ಆಗ ಜಾಗ ಯಾವುದೂ ಇರಲಿಲ್ಲ, ಖಾಲಿಯಾದ ಕೂಡಲೇ ನೋಡುತ್ತೇನೆ ಎಂದರು ಸಾಹೇಬರು. "ಒಂದು ಮಾತು ಮೊದಲೇ ಹೇಳಬಾರದಿತ್ತಾ ತಾಯಿ?" ಎಂದು ಗೇಟಿನ ತನಕ ಬಂದು ಕೇಳಿದರು. ನಾವು ಪೆಟ್ಟಿಗೆಯ ಹಗ್ಗ ಹಿಡಿದು ನಡೆದೆವು, ಅವರ ಹೆಂಡತಿ ಈ ಸಲವೂ ಅದನ್ನು ಬರಿದಾಗಿ ಕೊಟ್ಟಿರಲಿಲ್ಲ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ದೊಡ್ಡಪ್ಪ ಜಗಲಿಯಿಂದ ಇಳಿದು ಬಂದವರೇ ನಮ್ಮ ಮುಖವನ್ನೂ ನೋಡದೆ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು.

"ಇದ್ರಲ್ಲಿ ಎಂತ ಉಟ್ಟು?"

"ಕೋಡುಬಳೆ," ಎಂದಳು ಅಕ್ಕ. "ಅದ್ಕೆ ಎಂತ ಅರ್ಥ ದೊಡ್ಡಪ್ಪ?"

ಅವರು ಅರ್ಥ ಹುಡುಕುತ್ತಿದ್ದರು. ನಾನು ಕಂಡೆ, ನಿಜವಾಗಿಯೂ ಹುಡುಕುತ್ತಿದ್ದರು. ಅಕ್ಕ ಕಾಯಲಿಲ್ಲ.

"ಸಾಹೇಬ್ರಿಗೆ ನಾ ಕರಿಕೆಲಿ ಇರುದೇ ಗೊತ್ತಿಲ್ಲೆ. ಹೋದ ವರ್ಷ ಚೆಟ್ಟಳ್ಳಿಲಿ ಜಾಗ ಇತ್ತ್, ಕೇಳಿದವು ಇಲ್ಲೆ ಅಂತ ಬೇರೆಯವ್ಕೆ ಕೊಟ್ಟವು. ನೀವು ಕೇಳಿಲ್ಲೆ, ನನ್ನ ಕೇಳಿಕೆ ಬಿಟ್ಟಿಲ್ಲೆ. ನಿಮ್ಮ ಮರ್ಯಾದೆ ಒಂದಿಷ್ಟೂ ಮುಕ್ಕಾಗಿಲ್ಲೆ ದೊಡ್ಡಪ್ಪ. ನನ್ನ ಮಗಳಿಗೆ ಮಾತ್ರ ನಾ ಯಾರ್ ಅಂತ ಗೊತ್ತಿಲ್ಲೆ."

ಅಷ್ಟು ಹೇಳಿ ಒಳಗೆ ಹೋದಳು. ದೊಡ್ಡಪ್ಪ ಅಂಗಳದಲ್ಲಿ ನಿಂತೇ ಇದ್ದರು. ಅವರ ಮೇಲೆ ಕನಿಕರ ಬರಬೇಕಿತ್ತೇನೋ, ನನಗೆ ಬರಲಿಲ್ಲ. ಮುಂದಿನ ವಾರ ಅವರು ಕೋಟು ಹಾಕಿಕೊಂಡು ಮಡಿಕೇರಿಯ ಆಫೀಸಿಗೆ ಹೋಗಿ ಸಾಲಿನಲ್ಲಿ ನಿಂತು, ಗುಮಾಸ್ತನೊಬ್ಬನ ಮುಂದೆ ಬಾಯಿಬಿಟ್ಟು ಕೇಳಿ ಬಂದರೆಂದು ಆಮೇಲೆ ಬೇರೆಯವರಿಂದ ತಿಳಿಯಿತು. ಕೈಯಲ್ಲಿ ಹಣ್ಣು ಇರಲಿಲ್ಲವಂತೆ.

ಜಾಗ ಖಾಲಿಯಾಗಲು ಇನ್ನೂ ಒಂದು ಮಳೆಗಾಲ, ಒಂದು ಚಳಿಗಾಲ ಹೋಯಿತು. ಆರ್ಡರ್ ಬಂತು. ಏಪ್ರಿಲ್ ಕೊನೆಯಲ್ಲಿ ಅಕ್ಕ ಕರಿಕೆಯಿಂದ ಸಾಮಾನು ಸಮೇತ ಬಂದಿಳಿದಳು: ಟ್ರಂಕು, ಹಾಸಿಗೆ ಸುರುಳಿ, ಸ್ಟವ್, ನಾಲ್ಕು ಪಾತ್ರೆ. ಮಗಳಿಗೆ ಆಗ ಆರು ತುಂಬಿ ಏಳು. ಜಗಲಿಯ ಕಂಬ ಹಿಡಿದು ನಿಂತು ಒಂದೊಂದೇ ಸಾಮಾನು ಒಳಗೆ ಹೋಗುವುದನ್ನು ನೋಡಿದಳು.

"ಅಕ್ಕ, ಈ ಸಲ ಎಷ್ಟ್ ದಿನ ಇರುದು?" ಎಂದು ಕೇಳಿದಳು.

ಅಕ್ಕ ಅವಳ ಮುಂದೆ ನೆಲದ ಮೇಲೆ ಕೂತಳು. "ಇನ್ನ್ ಹೋಗುದೇ ಇಲ್ಲೆ ಮಗಾ. ಇಲ್ಲೇ ಇರ್ತೇನೆ, ನಿನ್ನ ಸಂಗಡ."

ಮಗು ಕಂಬ ಬಿಟ್ಟು ಅವ್ವನ ಕಡೆ ಹೋಯಿತು. ಆಮೇಲೆ ಅವ್ವನ ಸೀರೆ ಸೆರಗು ಹಿಡಿದು, ಅಕ್ಕನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಕೇಳಿತು: "ಅವ್ವ, ಹಂಗಾರೆ ಅಕ್ಕನ ಮನೆಯವು ಅವಳ್ನ ಹುಡುಕುದಿಲ್ಲೆಯಾ?"

ನಮಗೆಲ್ಲ ಕೇಳಿಸಿತು.